ಎರಡು ಬಟ್ಟಲು ಹಿಟ್ಟು

ಶನಿವಾರ ರಾತ್ರಿ ಹನ್ನೊಂದಕ್ಕೆ
ವಾಸ್ಕೋ ನಿಲ್ದಾಣದಲ್ಲಿ ಇಳಿದರು ಮೂವರೂ:
ಒಂದೇ ಚೀಲದ ಎರಡು ಕಿವಿ ಹಿಡಿದ ಕಸ್ತೂರಿ, ರಜಮಾ,
ಹಿಂದೆ ಚಪ್ಪಲಿ ಕಿತ್ತ ದಾಕ್ಷಾಯಣಿ.
ದೂಧಸಾಗರ ಕತ್ತಲಲ್ಲಿ ಹೋಯಿತಂತೆ,
ಸದ್ದು ಮಾತ್ರ ಕೇಳಿತಂತೆ.
ಅದಕ್ಕೂ ನಾನೇ ಹೊಣೆ ಎಂಬಂತೆ ನೋಡಿದರು.

ನನ್ನದು ಒಂದೇ ಕೋಣೆ, ಬಂದರಿನ ಕಡೆಗೊಂದು ಕಿಟಕಿ,
ಎಷ್ಟು ಒರೆಸಿದರೂ ಬೆರಳಿಗೆ ಕಲ್ಲಿದ್ದಲ ಕಪ್ಪು.
ನಾಲ್ವರೂ ಅಡ್ಡಡ್ಡ ಮಲಗಿದೆವು,
ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಮಲಗುತ್ತಿದ್ದ ಹಾಗೇ.
ಈಗ ಮೊಣಕಾಲುಗಳು ಹೆಚ್ಚು ಜಾಗ ಕೇಳುತ್ತವೆ, ಅಷ್ಟೆ.

ಬೆಳಿಗ್ಗೆ ಪಾವಿನವನ ಹಾರ್ನು, ಇಗರ್ಜಿಯ ಗಂಟೆ.
"ಚಾದ ಜೋಡಿ ಏನೈತಿ?" ದಾಕ್ಷಾಯಣಿ, ಕಣ್ಣು ತೆರೆಯದೇ.
ಅಲ್ಲೆಬೆಲ್ಲೆ, ಎಂದೆ.
"ಅಂದ್ರ?"
ಮೈದಾಹಿಟ್ಟಿನದು. ತೆಳ್ಳಗೆ ಹರಡಿ
ಒಳಗೆ ಕಾಯಿ, ತಾಳೆಬೆಲ್ಲ ತುಂಬಿ ಸುತ್ತೋದು.
"ದ್ವಾಸಿ ಅನ್ನಲ್ಲ ಮತ್ತ."

ಕೆಳಮನೆಯ ಪಿಯೆದಾದ್ ಬಾಯಿ ಕಲಿಸಿದ್ದು.
ತವಾ ಕೂಡ ಅವಳದೇ, ಅಂಟದ ತವಾ.
ಕೊಡುವಾಗ ಮೂರು ಸಲ ಹೇಳಿದ್ದಳು:
ಮರದ ಸೌಟು, ಮರದ ಸೌಟು, ಮರದ ಸೌಟು.

ಎರಡು ಬಟ್ಟಲು ಕಲಸಿದ್ದೆ.
ಒಂದರಲ್ಲಿ ಮೊಟ್ಟೆ, ಕಾಯಿಹಾಲು, ಚಿಟಿಕೆ ಉಪ್ಪು.
ಇನ್ನೊಂದು ಕಸ್ತೂರಿಗೆ.
ಆಕೆಯ ಕೊರಳಲ್ಲಿ ಕರಡಿಗೆ,
ಮನೆಯಲ್ಲಿ ಮೂರು ಹೊತ್ತೂ ಪೂಜೆಯ ಅತ್ತೆ.
ಅದಕ್ಕೆ ಮೊಟ್ಟೆಯ ಬದಲು ಬಾಳೆಹಣ್ಣು,
ಧೈರ್ಯದ ಬದಲು ಸೋಡಾ.

ಮೊಟ್ಟೆಯದು ಒಗೆದ ಪಂಚೆಯಂತೆ ಹರಡಿತು,
ಅಂಚು ತಾನೇ ಎದ್ದು ನನ್ನನ್ನು ಕರೆಯಿತು.
ಬಾಳೆಯದು ಹರಡಲೇ ಇಲ್ಲ. ಕೂತಿತು,
ಹೊಂಡದಲ್ಲಿ ಎಮ್ಮೆ ಕೂತಂತೆ.
ಎಬ್ಬಿಸಹೋದರೆ ನಡು ಹರಿಯಿತು.
ಎರಡನೆಯದೂ.
ಮೂರನೆಯದಕ್ಕೆ ಸಿಟ್ಟು ಬಂದು ಸ್ಟೀಲಿನ ಸೌಟನ್ನೇ ತೂರಿದೆ.

"ಎಲ್ಲಾರ ಮನಿ ದ್ವಾಸಿನೂ ತೂತ," ಎಂದಳು ರಜಮಾ,
ಈಳಿಗೆಯ ಮೇಲೆ ಕಾಯಿ ತುರಿಯುತ್ತಾ.
ಕೆಲವರ ಮನೆಯ ಹಂಚೇ ತೂತು
ಎಂಬ ಉಳಿದರ್ಧವನ್ನು ಯಾರೂ ಹೇಳಲಿಲ್ಲ.
ಈ ಕೋಣೆಯ ಮುಂಗಡಕ್ಕೆ ಅವಳು ಕೊಟ್ಟ ಹನ್ನೆರಡು ಸಾವಿರ
ಐದು ವರ್ಷದಿಂದ ನಮ್ಮಿಬ್ಬರ ನಡುವೆ
ನೆರೆಮನೆಯವರ ಕೂಸಿನಂತೆ ಮಲಗಿದೆ.
ಎಚ್ಚರಾದೀತೆಂದು ಮೆಲ್ಲಗೆ ಮಾತಾಡುತ್ತೇವೆ.
ನಿನ್ನೆ ದಿಂಬಿನಡಿ ನಾಲ್ಕು ಸಾವಿರ ಇಟ್ಟುಕೊಂಡೇ ಮಲಗಿದ್ದೆ.
ಈಗ ಕೊಡಲೇ?
ತುರಿಯುವವಳ ಕೈ ಖಾಲಿಯಿರಲಿಲ್ಲ.

ಕಸ್ತೂರಿ ಎದ್ದು ಬಂದಳು.
ತಟ್ಟೆಯಲ್ಲಿನ ತುಣುಕುಗಳನ್ನು ನೋಡಿದಳು.
ಕರಡಿಗೆಯನ್ನು ರವಿಕೆಯೊಳಗೆ ಸರಿಸಿದಳು.
"ಆ ಬಟ್ಟಲದಾಗಿಂದು ಹಾಕು."

ರಾತ್ರಿಪಾಳಿ ಮುಗಿಸಿದ ಒಂದು ಬೆಳಿಗ್ಗೆ
ಬ್ರೆಡ್ಡಿನ ನಡುವೆ ಏನಿದೆಯೆಂದು ಕೇಳದೇ
ಅವಳು ತಿಂದದ್ದು ನಾಲ್ವರಿಗೂ ನೆನಪಿದೆ.
ಯಾರೂ ಎತ್ತಲಿಲ್ಲ. ದಾಕ್ಷಾಯಣಿ ಮಾತ್ರ
ಗೋಡೆಯ ಕಡೆ ಹೊರಳಿ ಹೊದಿಕೆಯೊಳಗೆ ಕುಲುಕಿದಳು.

ಮೂರು ತಿಂದಳು ಕಸ್ತೂರಿ.
ಕಿಟಕಿಯ ಧೂಳಿನದೇ ಬಣ್ಣದ ಬೆಲ್ಲ
ಮಣಿಕಟ್ಟಿಗೆ ಇಳಿಯಿತು. ನೆಕ್ಕಿದಳು.
ಹರಿದ ಬಾಳೆಯವನ್ನೆಲ್ಲ ಬೋಗುಣಿಗೆ ಸುರಿದು
ಮೇಲೆ ಕಾಯಿಬೆಲ್ಲ ಹಾಕಿ ಚಮಚದಲ್ಲಿ ತಿಂದ ರಜಮಾ
"ಇದಽ ಚೊಲೊ ಐತಿ," ಎಂದಳು,
ಸುಳ್ಳೋ ನಿಜವೋ. ಬೋಗುಣಿಯಂತೂ ಖಾಲಿ.

ಮಧ್ಯಾಹ್ನದ ರೈಲು.
ಅವಳು ನೀರಿನ ಬಾಟಲಿ ತುಂಬುತ್ತಿದ್ದಾಗ
ಚೀಲದ ಹೊರಜೇಬಿಗೆ ಆ ನೋಟು ಇಳಿಸಿದೆ.
ಲೋಂಡಾ ದಾಟಿದ ಮೇಲೆ ಫೋನಿಗೆ ಬಂತು:
"ನಾಕು ಸಿಕ್ಕು. ಇನ್ನ ಎಂಟು.
ಆ ಕರಿ ಬೆಲ್ಲ ಯಾವ ಅಂಗಡ್ಯಾಗ ತಗೊಂಡಿ?"

ಸಂಜೆ ತವಾ ತಿರುಗಿ ಕೊಡಹೋದೆ.
ಪಿಯೆದಾದ್ ಬಾಯಿ ಬಲ್ಬಿನಡಿ ಓರೆ ಹಿಡಿದು ನೋಡಿದಳು,
ವಾರ್ಡಿನಲ್ಲಿ ನಾವು ಎಕ್ಸರೇ ಹಿಡಿಯುವ ಹಾಗೆ.
ಎಷ್ಟು ಜನ ಬಂದಿದ್ದರು?
ಮೂವರು, ಎಂದೆ.
ಗೀರು ನಾಲ್ಕಿವೆ, ಎಂದಳು.