ಮರಗಸಿ

ಹೆಡ್‌ಮಾಸ್ತರರ ಮೇಜಿನಿಂದ ಕೇಳಿ ತಂದ ಸ್ಟಾಂಪ್ ಪ್ಯಾಡು,
ಬಕೆಟ್ಟಿನ ತಳದಲ್ಲಿ ಮೈದಾ ಅಂಟು,
ಹಳೇ ಕ್ಯಾಲೆಂಡರುಗಳ ಬಿಳಿ ಬೆನ್ನು.
ನಾಲ್ಕನೇ ಕ್ಲಾಸಿಗೆ ಹೇಳಿದೆ:
ನಿಮ್ಮ ನಿಮ್ಮ ವಂಶದ ಮರ ಮಾಡಿ.
ಕಾಂಡಕ್ಕೆ ಸಿಲ್ವರ್ ಓಕಿನ ತೊಗಟೆ, ಎಲೆಗೆ ಹೆಬ್ಬೆಟ್ಟು,
ಒಂದು ಹೆಬ್ಬೆಟ್ಟಿಗೆ ಒಂದು ಹೆಸರು.

ಸಿದ್ದಾಪುರದ ಶಾಲೆ. ಕಿಟಕಿಯಾಚೆ ತೋಟದಲ್ಲಿ
ಕತ್ತಿಯ ಸದ್ದು, ಆಮೇಲೆ ಕೊಂಬೆ ಬೀಳುವ ಸದ್ದು.

ಪೂವಣ್ಣ ತಾತನ ಡೈರಿಯನ್ನೇ ಹೊತ್ತು ತಂದಿದ್ದ.
ಹನ್ನೊಂದು ತಲೆಮಾರು!
ಮಾರ್ಚಿಗೆ ಏಪ್ರಿಲ್, ಏಪ್ರಿಲಿಗೆ ಮೇ ಅಂಟಿಸಿ
ಬೆಂಚು ದಾಟಿ ನೆಲಕ್ಕಿಳಿಯಿತು ಬೇರು.
ಎಲ್ಲ ಗಂಡಸರೇ. ಮದುವೆಯಾಗಿ ಹೋದ ಅತ್ತೆಯರೆಲ್ಲಿ ಅಂದೆ.
ಡೈರಿ ತಿರುವಿದ, ತಲೆ ಕೆರೆದ,
ಮರದ ಸುತ್ತ ಏಳು ಹಕ್ಕಿ ಬರೆದ.
ಒಂದರ ಕಾಲಿಗೆ ಎತ್ತರದ ಹಿಮ್ಮಡಿ ಚಪ್ಪಲಿ.

ಸಫ್ರೀನಾ ಅಡುಗೆಮನೆಯನ್ನೇ ಅಂಟಿಸಿದಳು:
ಉಮ್ಮುಮ್ಮನಿಗೆ ಏಲಕ್ಕಿ, ಉಪ್ಪಾಪ್ಪನಿಗೆ ಲವಂಗ,
ಜಗಳಗಂಟಿ ಎಳೆಯಮ್ಮನಿಗೆ ಒಣಮೆಣಸು,
ಹುಟ್ಟಿ ಹದಿನೈದು ದಿನದ ತಮ್ಮನಿಗೆ ಒಂದು ಚಿಟಿಕೆ ಸಕ್ಕರೆ.
ಸಂಜೆಯೊಳಗೆ ತಮ್ಮನನ್ನು
ಇರುವೆಗಳು ಹೊತ್ತೊಯ್ದವು.

ಲೈನ್‌ಮನೆಯ ಅಮ್ಮಿಣಿ ಮಾತ್ರ ನಿಧಾನ.
ಹೊರಗೆ ಕೊಂಬೆ ಬಿದ್ದಾಗಲೆಲ್ಲ ಅವಳ ಪೆನ್ಸಿಲು ನಿಲ್ಲುತ್ತಿತ್ತು.
ಮತ್ತೆ ಕತ್ತಿಯ ಸದ್ದು ಕೇಳಿದ ಮೇಲೇ
ಮುಂದಿನ ಗೆರೆ.

ಹಾಳೆ ತುಂಬ ಒಂದೇ ಮರ, ಕೊಂಬೆಗಳೆಲ್ಲ ಮೋಟು.
ತುದಿಯಲ್ಲಿ ಸೊಂಟಕ್ಕೆ ಹಗ್ಗ ಬಿಗಿದ ಒಂದೇ ಹೆಬ್ಬೆಟ್ಟು.
ಉಳಿದವರು ಬುಡದಲ್ಲಿ, ಒತ್ತೊತ್ತಾಗಿ,
ಕತ್ತು ಮೇಲೆತ್ತಿ.

ಎಲ್ಲರೂ ಮರದಲ್ಲಿರಬೇಕಲ್ಲವೇನೇ?
"ಎಲ್ಲರೂ ಹತ್ತಿದರೆ ಸೌದೆ ಆರಿಸೋರು ಯಾರು ಟೀಚರ್?
ಮರಗಸಿ ಮುಗಿಯಲಿ, ಅಪ್ಪನೂ ಇಳೀತಾನೆ."
ಮತ್ತೆ ಅಜ್ಜ?
"ಅಜ್ಜ ಹತ್ತಿದ್ದು ಬೇರೆ ಮರ.
ಆ ಮರ ಈಗಿಲ್ಲ."

ಹತ್ತಕ್ಕೆ ಎಷ್ಟು ಕೊಡಲೆಂದು
ಕೆಂಪು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.
ಬೋರ್ಡಿನ ಮೇಲೆ ಬೆಳಗಿನಿಂದ ನನ್ನದೇ ಮರ, ಮಾದರಿಗೆಂದು
ಬಣ್ಣದ ಸೀಮೆಸುಣ್ಣದಲ್ಲಿ ಬರೆದದ್ದು.
ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ...
ಆ ಹೆಸರು ಗೊತ್ತಿಲ್ಲದೆ ಅಲ್ಲೊಂದು
ದೊಡ್ಡ ದಾಸವಾಳ ಬರೆದು ಮುಚ್ಚಿದ್ದೆ.
ಇನ್‌ಸ್ಪೆಕ್ಟರರೂ ಬಂದು ನೋಡಿ ಚೆನ್ನಾಗಿದೆ ಅಂದಿದ್ದರು.

ಕೈತೊಳೆದು ಬರುವಾಗ ಅಮ್ಮಿಣಿ
ಬೋರ್ಡಿನ ಮುಂದೆ ನಿಂತಳು, ತುದಿಗಾಲಲ್ಲಿ, ಡಸ್ಟರು ಹಿಡಿದು.
"ಟೀಚರ್, ಇವರ ಮುಖದ ಮೇಲೆ ಹೂ ಬಿದ್ದಿದೆ.
ಒರೆಸಲಾ?"