ಗಂಗಾಳದಾಗಿನ ಬ್ಯಾಳಿ

ಈ ಕೆಲಸಕ್ಕ ಎರಡು ಕಿವಿ ಬೇಕಂತಾರ:
ಒಂದರಾಗ ಈಗಿನ ಹಾಡು, ಮಂದಿ ಕುಣಿಯೋದು;
ಇನ್ನೊಂದರಾಗ ಮುಂದಿಂದು,
ಇನ್ನೂ ಯಾರಿಗೂ ಗೊತ್ತಿಲ್ಲದ್ದು,
ಹೆಡ್‌ಫೋನಿನ ಬಟ್ಟಲದಾಗ ಮುಚ್ಚಿಟ್ಟದ್ದು.

ನಂಗ ಇರೋದು ಒಂದ.
ಬಲಗಿವಿ ಏಳನೇತ್ತಾದಾಗ ಸೋರಿ ಸೋರಿ ಮುಚ್ಚಿಹೋತು.
ಬಳ್ಳೊಳ್ಳಿ ಎಣ್ಣಿ ಕಾಸಿ ಹನಿಸಿದ್ಳು ಅವ್ವ,
ಮಗ್ಗಲಾಗಿಸಿ ಬಗ್ಗಿ, ಕೇಳಸ್ತದೇನು ಅಂದ್ಳು.
ಯಾವ ಕಿವಿಗಿ ಕೇಳಿದ್ಳೋ,
ಹೂಂ ಅಂದಿದ್ದೆ.

ಹಂಗಾರ ಬಿಡು ಮಹಾನಂದಾ,
ಒಂದು ತಾಸಿಂದು ಮೊದಲ ಜೋಡಿಸಿಟ್ಟು ಪ್ಲೇ ಒತ್ತಿ ಕೂಡು,
ಅಂದ ಸೌಂಡ್ ಬಾಡಗಿ ಕೊಡೋ ಚಾಂದಪಾಶಾ.
ನಾಕು ಡಬ್ಬಾ, ಒಂದು ಆಂಪ್ಲಿಫೈಯರು,
ಗಲ್ಲದಾಗ ತಂಬಾಕ.
ಒತ್ತಿ ಕೂಡಾಕ ನಾ ಯಾಕ ಬೇಕೋ ಮಾರಾಯಾ,
ಅದಕ ನಿನ್ನ ಬೆರಳೂ ನಡೀತದ.

ಹುಮನಾಬಾದ ರೋಡಿಗಿ ಬ್ಯಾಳಿ ಮಿಲ್ಲು, ಮುಚ್ಚಿ ಎರಡು ವರ್ಷ.
ಶಾಹಾಬಾದ ಫರಸಿ ಹಾಸಿದ ಗೋದಾಮು,
ಗ್ವಾಡಿಗಿ ಇನ್ನೂ ಹೊಟ್ಟಿನ ವಾಸನಿ.
ಬಂದವರು ಮೂವತ್ತೇಳು ಮಂದಿ,
ಅದರಾಗ ಆರು ಮಂದಿ ನಮ್ಮ ಕಾಕಾನ ಮಕ್ಕಳು,
ಒಬ್ಬಾಂವ ವಾಚ್‌ಮನ್ ಅಂಬಾರಾಯ.

ಕಿವಿ ಮುಂದಿನ ಹಾಡಿಗಿ ಹೋತು.
ಈಗಿಂದಕ್ಕ ಏನು ಕೊಡಲಿ?
ಡಬ್ಬಾದ ತಲಿ ಮ್ಯಾಲ ಗಂಗಾಳ ಇಟ್ಟೆ,
ಗಂಗಾಳದಾಗ ಒಂದು ಹಿಡಿ ತೊಗರಿಬ್ಯಾಳಿ.
ಧಮ್ ಅಂದ್ರ ಜಿಗಿತಾವ,
ಬಿಟ್ಟ ತೆರಪಿನ್ಯಾಗ ಕೂಡತಾವ.
ಸಣ್ಣ ತಾಳಕ್ಕ ಬರೇ ನಡಗತಾವ,
ಪರೀಕ್ಷಾ ರಿಜಲ್ಟಿಗಿ ನಿಂತ ಹುಡುಗ್ಯಾರಂಗ.

ಮಿಲ್ಲು ಮುಚ್ಚೋ ವಾರ ಜರಡಿ ಮಷೀನಿನ ಸದ್ದು
ಮೊಬೈಲಿನ್ಯಾಗ ಹಿಡಿದಿಟ್ಟಿದ್ದೆ.
ಮೂರು ಸೆಕೆಂಡು ಕತ್ತರಿಸಿ, ತಿರುವಿ ತಿರುವಿ ಬಿಟ್ಟೆ.
ಕುಂತಿದ್ದ ಅಂಬಾರಾಯ ಧಡಕ್ಕನ ಎದ್ದು
ಮಷೀನಿನ ಕಡಿ ಬ್ಯಾಟರಿ ಹೊಡೆದ.
ಜೇಡರ ಬಲಿ ಅಲ್ಲೇ ಇತ್ತು, ಒಂದು ಎಳಿ ಹರಿದಿರಲಿಲ್ಲ.
ಹೊಳ್ಳಿ ಬಂದು ಕೂಡಲಿಲ್ಲ ಮತ್ತ ಆಂವ,
ನಿಂತ ಕೇಳಿದ.

ನಾಕನೇದು ಕಿವಿಯಾಗ ಸಿದ್ಧ,
ನಿಮಿಷಕ್ಕ ನೂರಾ ಇಪ್ಪತ್ತೆರಡು ಬಡಿತ,
ಫೇಡರಿನ ಮ್ಯಾಲ ಬೆರಳು,
ಕರೆಂಟ್ ಹೋತು.

ಲ್ಯಾಪ್‌ಟಾಪಿಗಿ ಬ್ಯಾಟರಿ ಇತ್ತು.
ಹಿಂಗಾಗಿ ಇಡೀ ಕಲಬುರಗಿಯಾಗ ಆ ಹಾಡು
ಒಂದ ಕಿವಿಯಾಗ ನಡದಿತ್ತು,
ಅದೂ ನನ್ನದು.
ಚಾಂದಪಾಶಾ ಜನರೇಟರಿನ ಹಗ್ಗ ಜಗ್ಗಿದ,
ಜಗ್ಗಿದ,
ಅದರ ತಾಯಿಗಿ ಏನೋ ಅಂದ.

ಸ್ಕ್ರೀನಿನ ನೀಲಿ ಬೆಳಕು ಗಂಗಾಳದ ಮ್ಯಾಲ.
ಬ್ಯಾಳಿ ಸುಮ್ಮ ಕೂತಿದ್ವು.
ಆಮ್ಯಾಲ ಒಂದು ಕದಲಿತು.
ಆಮ್ಯಾಲ ನಾಕು.
ಕತ್ತಲದಾಗ ಮಂದಿ ಫರಸಿ ಮ್ಯಾಲ ಕಾಲು ಬಡಿಯಾಕ ಹತ್ತಿದ್ರು,
ಬೂಟಿನವರು, ಚಪ್ಪಲಿ ಬಿಟ್ಟವರು,
ನಿಂತುಹೋದ ಹಾಡಿನ ಬಾಕಿ ತಾವ ತೀರಿಸಾಕ.
ನನ್ನ ಹಾಡಿಗಿಂತ ಅವರದು ಮಂದ.
ಕಾಲಿಗಿ ಮೀನಗಂಡ ಅದಾವ, ದಣೀತಾವ.

ಸ್ಲೈಡರ್ ಕೆಳಗ ಎಳದೆ.
ನೂರಾ ಇಪ್ಪತ್ತು. ಹತ್ತೊಂಬತ್ತು. ಹದಿನೇಳು.
ಬ್ಯಾಳಿ ಜಿಗಿಯೋದೂ ಕಿವಿಯಾಗಿನ ಬಡಿತಾನೂ
ಕೂಡಿದ್ವು, ಜಾರಿದ್ವು, ಮತ್ತ ಕೂಡಿದ್ವು.
ಒಂದು ಕೂದಲಿನಷ್ಟು ಹಿಂದ ಹಿಡಿದೆ.
ಹಿಡಕೊಂಡು ಎಷ್ಟೊತ್ತು ನಿಂತೆ ಗೊತ್ತಿಲ್ಲ,
ಗುಂಡ್ಯಾಗ ಬೆರಳು ಬೆವತಿತ್ತು.

ಕರೆಂಟ್ ಬಂತು. ಫೇಡರ್ ಏರಿಸಿದೆ.
ಯಾರ ಕಾಲೂ ತಪ್ಪಲಿಲ್ಲ.
ನಾವ್ ಎಲ್ಲಿ ಬಿಟ್ವಿ, ನೀ ಎಲ್ಲಿ ಹಿಡದಿ,
ಗೊತ್ತಾಗಲಿಲ್ಲ ನೋಡು, ಮೊದಲ ಹಂಗ ಇಟ್ಟಿದ್ದೇನು,
ಅಂತ ಕೇಳಿದ್ರು ಯಾರೋ ಆ ಗದ್ದಲದಾಗ.
ಯಾವ ಕಿವಿಗಿ ಕೇಳಿದ್ರೋ,
ಹೂಂ ಅಂದೆ.

ಕಾಳು ಕೆಡಸಬಾರದಂತ
ಮರುದಿನ ಅವ್ವ ಅದ ಬ್ಯಾಳಿ ಒಲಿ ಮ್ಯಾಲ ಇಟ್ಳು.
ಕುದಿ ಬಂತೇನು ನೋಡು, ಅಂದ್ಳು ಪಡಸಾಲಿಯಿಂದ.
ಮುಚ್ಚಳದ ಮ್ಯಾಲ ಎರಡು ಬೆರಳಿಟ್ಟೆ.
ಸುಟ್ಟಿತು, ತಗದೆ, ಮತ್ತ ಇಟ್ಟೆ.
ಹೊಂದಿಸಾಕ ಬರೋವಂಥದ್ದಲ್ಲ ಅದು,
ನಡುನಡುವ ಎರಡು ಬಡಿತ ನುಂಗತದ.