ಎರಡು ಗಂಟೆಗೊಮ್ಮೆ

ರಾತ್ರಿ ಹತ್ತೂವರೆಗೆ ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಳ್ಳುತ್ತೇನೆ:
ಮೇಲೆ ದಪ್ಪಗೆ ಸಿಗ್ನೆ, ಕೆಳಗೆ ಸಣ್ಣಗೆ ಸಹಾಯಕಿ.
ಕನ್ನಡಕ ತೆಗೆದಿಟ್ಟ ಮುದುಕರಿಗೆ ಕೆಳಗಿನದು ಕಾಣುವುದಿಲ್ಲ.
ನರ್ಸ್, ಅನ್ನುತ್ತಾರೆ.
ಅಲ್ಲ, ಅನ್ನುತ್ತೇನೆ. ಇನ್ನೂ ಅಲ್ಲ, ಅನ್ನುತ್ತೇನೆ.
ಅಷ್ಟರಲ್ಲಿ ಬೆಡ್‌ಪ್ಯಾನ್ ಕೇಳಿರುತ್ತಾರೆ.

ಕಿಟಕಿಯಾಚೆ ಡುಲೂತಿನ ಇಳಿಜಾರು, ಅದರ ಬುಡಕ್ಕೆ ಸರೋವರ.
ಈಚೆ ದಡ ಕಾಣುತ್ತದೆ, ಆಚೆಯದನ್ನು ನಂಬಬೇಕು.
ಜನವರಿ. ಇಂಜಿನ್ನು ಹೆಪ್ಪುಗಟ್ಟದಿರಲೆಂದು
ಕಾರಿಗೆ ಕರೆಂಟಿನ ವೈರು ಚುಚ್ಚಿ ಬಂದಿದ್ದೇನೆ,
ಅದೂ ಒಂದು ರೋಗಿಯ ಹಾಗೆ
ಬೆಳಗಿನವರೆಗೆ ಮಲಗಿರುತ್ತದೆ ಹಿಮದಲ್ಲಿ.

ಮೊದಲ ವಾರ ಬರ್ನಡೀನ್ ಹೇಳಿಕೊಟ್ಟಳು:
ನೀರಿನ ಬಿಸಿ ನೋಡಲು ಬೆರಳು ಸಾಲದು, ಮೊಣಕೈ ಅದ್ದು.
ಮುಟ್ಟುವ ಮುಂಚೆ ಹೇಳು, ಎಲ್ಲಿ ಮುಟ್ಟುತ್ತೀ ಅಂತ.
ಪರದೆ ಎಳೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಎಳೆ.
ಸತ್ತವರನ್ನು ತೊಳೆಯುವಾಗಲೂ ನೀರು ಬೆಚ್ಚಗಿರಲಿ.
ಯಾಕೆ ಅಂತ ನಾನು ಕೇಳಲಿಲ್ಲ,
ಅವಳೂ ಹೇಳಲಿಲ್ಲ. ಇಪ್ಪತ್ತಾರು ವರ್ಷದಿಂದ
ಬೆಚ್ಚಗೇ ಇದೆ ಅವಳ ಬೋಗುಣಿ.

ಹದಿನಾಲ್ಕನೇ ಕೋಣೆಯ ತೊಯ್ವೊ
ಅದಿರಿನ ಹಡಗಿನ ಚುಕ್ಕಾಣಿ ಹಿಡಿದಿದ್ದವನು.
ಈಗ ಎರಡು ಗಂಟೆಗೊಮ್ಮೆ ಅವನನ್ನೇ ತಿರುಗಿಸಬೇಕು,
ತಪ್ಪಿದರೆ ಮೂಳೆ ಒಳಗಿನಿಂದ ಚರ್ಮವನ್ನು ತಿನ್ನುತ್ತದೆ.
ಯಾವ ದಿಕ್ಕು? ಕಣ್ಣು ಮುಚ್ಚಿಯೇ ಕೇಳುತ್ತಾನೆ.
ಗೋಡೆ ಕಡೆ ಅಂದರೆ ಮೈ ಮರಗಟ್ಟುತ್ತದೆ.
ಸರೋವರದ ಕಡೆ ಅಂದರೆ
ತಾನೇ ಅರ್ಧ ಹೊರಳುತ್ತದೆ.
ಹಾಗಾಗಿ ಎರಡೂ ಸಲ ಸರೋವರ ಅನ್ನುತ್ತೇನೆ.
ಬಂದರು ದಾಟಿದವನಿಗೆ ಎಡಕ್ಕೂ ಬಲಕ್ಕೂ ನೀರೇ ತಾನೆ?

ಒಂದು ಮಂಗಳವಾರ ಎರಡೂವರೆಗೆ
ಅವನ ಎಡ ಹಿಮ್ಮಡಿಯಲ್ಲಿ ಕಾಸಿನಗಲ ಕೆಂಪು.
ಒತ್ತಿದೆ. ಬಿಳಿಚಲಿಲ್ಲ.
ಅದರ ಹೆಸರು ನನಗೆ ಗೊತ್ತಿರಲಿಲ್ಲ,
ಹೆಸರುಗಳನ್ನೆಲ್ಲ ಸೆಪ್ಟೆಂಬರಿನಲ್ಲಿ ಕಲಿಸುತ್ತಾರಂತೆ.
ನರ್ಸಿಗೆ ಹೇಳಿದೆ. ಮೂವತ್ತೆಂಟು ಜನಕ್ಕೆ ಒಬ್ಬಳೇ ಅವಳು,
ಔಷಧದ ಗಾಡಿ ತಳ್ಳುತ್ತಲೇ ಬರೆದಿಡು ಅಂದಳು.
ಬರೆದಿಟ್ಟೆ. ಮೀನಖಂಡದ ಕೆಳಗೆ ದಿಂಬು ಇಟ್ಟೆ,
ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ.
ನಾಲ್ಕೂವರೆಗೆ ಮತ್ತೆ ಹೇಳಿದೆ.
ಆರಕ್ಕೆ, ಕೋಟು ತೊಟ್ಟು, ಮತ್ತೆ.
ಆಗ ಬಂದಳು. ಮಂಡಿಯೂರಿ ಒತ್ತಿ ನೋಡಿದಳು.
ಆಮೇಲೆ ನನ್ನನ್ನೂ ನೋಡಿದಳು,
ಮೊದಲ ಸಲ, ಬ್ಯಾಡ್ಜು ಓದದೆ.

ಕಾಲೇಜಿನ ಅರ್ಜಿಯಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದಾರೆ:
ನರ್ಸ್ ಯಾಕಾಗಬೇಕು?
ಸೇವೆ ಅಂತ ಬರೆದೆ. ಅಳಿಸಿದೆ.
ಕರುಣೆ. ಅದನ್ನೂ ಅಳಿಸಿದೆ.
ಬರೆದೆ: ಹಿಮ್ಮಡಿ.

ಎದುರಿಗೆ ಕೂತು ಬರ್ನಡೀನ್ ಆರಿದ ಸೂಪು ಕುಡಿಯುತ್ತಿದ್ದಳು.
ನೀವು ಯಾಕೆ ಹೋಗಲಿಲ್ಲ? ಕೇಳಿಬಿಟ್ಟೆ.
ಎಲ್ಲಿಗೆ? ಅಂದಳು. ಕುಹಕ ಇರಲಿಲ್ಲ.
ನಿನಗೆ ಇದೆಲ್ಲ ಮುಂಚೆ, ಅಂದಳು,
ಚಮಚ ನೆಕ್ಕುತ್ತ. ನನಗೆ ಇದೇ.
ಒಂಬತ್ತರ ಬಾಗಿಲ ಮೇಲೆ ದೀಪ ಹೊತ್ತಿತು.
ನಾನು ಏಳುವಷ್ಟರಲ್ಲಿ ಅವಳು ಹೋಗಿಯಾಗಿತ್ತು,
ಬಟ್ಟಲಲ್ಲಿ ಇನ್ನೂ ಅಲುಗುತ್ತಿತ್ತು ಸೂಪು.

ಆಗಸ್ಟಿನ ಕಡೆಯ ಪಾಳಿ, ನಾಲ್ಕೂವರೆ.
ಹೇಳಬೇಕೆಂದಿದ್ದೆ ತೊಯ್ವೊಗೆ, ನಾಳೆಯಿಂದ ನಾನಿಲ್ಲ ಅಂತ.
ಯಾವ ದಿಕ್ಕು? ಕೇಳಿದ.
ಸರೋವರದ ಕಡೆ.
ನಿನ್ನದು?
ಒಂದು ಕೈ ಅವನ ಭುಜದಡಿ, ಇನ್ನೊಂದು ಸೊಂಟದಡಿ.
ಒಂದು, ಎರಡು, ಎಣಿಸಿದೆ.
ಮೂರಕ್ಕೆ ಇಬ್ಬರೂ ಒಟ್ಟಿಗೇ ಹೊರಳಬೇಕು.

ಆಮೇಲೆ ಹೊದಿಕೆ ಎಳೆದು, ಹಿಮ್ಮಡಿ ಮುಟ್ಟಿ ನೋಡಿ,
ಹಲಗೆಯ ಮೇಲೆ ಬರೆದೆ:
ಮುಂದಿನದು ಆರೂವರೆಗೆ. ಬರ್ನಡೀನ್.